ಒಕವಾಂಗೊ ದಡದ ಡೇರೆಗಳು

ಅಂಗೋಲಾದ ಎತ್ತರದ ನಾಡಿನಲ್ಲಿ ಹುಟ್ಟುವ ಒಕವಾಂಗೊ ನದಿಯು ಕಡಲನ್ನು ಸೇರದೆ ಬೋಟ್ಸ್ವಾನಾದ ಕಲಹರಿ ಮರಳಿನಲ್ಲಿ ಕವಲೊಡೆದು ಹರಡುವುದರಿಂದ ಅಲ್ಲಿ ಒಳನಾಡಿನ ಮುಖಜ ಭೂಮಿ, ಅಂದರೆ ಕವಲುಗಳ ನಡುವಿನ ವಿಶಾಲ ಜೌಗುನೆಲ, ಉಂಟಾಗಿದೆ. ವಿಚಿತ್ರವೆಂದರೆ, ಅಂಗೋಲಾದ ಮಳೆನೀರು ತಿಂಗಳುಗಟ್ಟಲೆ ನಿಧಾನವಾಗಿ ಸಾಗಿಬಂದು, ಸ್ಥಳೀಯ ಮಳೆ ನಿಂತ ಜೂನ್–ಆಗಸ್ಟ್ ವೇಳೆಗೆ ಇಲ್ಲಿ ನೆರೆಯೇರುತ್ತದೆ. ಇಲ್ಲಿನ ದುಬಾರಿ ಶಿಬಿರಗಳಲ್ಲಿ ಮರದ ಅಟ್ಟಣೆಯ ಮೇಲೆ ಕಟ್ಟಿದ ಕ್ಯಾನ್ವಾಸ್ ಡೇರೆಯೊಳಗೆ ಮೆತ್ತನೆಯ ಮಂಚ, ಬಿಸಿನೀರಿನ ಸ್ನಾನ ಎಲ್ಲವೂ ಇರುತ್ತವೆ. ಆದರೆ ಕತ್ತಲಾದ ಮೇಲೆ ಊಟಕ್ಕೆ ನಡೆದುಹೋಗಲೂ ಕಾವಲುಗಾರನ ಜೊತೆ ಬೇಕು, ಏಕೆಂದರೆ ನೀರಾನೆಗಳು ಮೇಯಲು ದಡವೇರುವುದು ಆ ಹೊತ್ತಿಗೇ. ಅತಿಥಿಗಳು ಕಡಿಮೆ, ಆದಾಯ ಹೆಚ್ಚು ಎಂಬ ಬೋಟ್ಸ್ವಾನಾದ ಪ್ರವಾಸೋದ್ಯಮ ನೀತಿ ಜೌಗಿನ ಮಟ್ಟಿಗೆ ಒಳ್ಳೆಯದೇ. ಆದರೂ ಮೊಕೊರೊ ಎಂಬ ಕಿರುದೋಣಿಯನ್ನು ಉದ್ದನೆಯ ಗಳದಿಂದ ತಳ್ಳುತ್ತ ಅತಿಥಿಗಳನ್ನು ಸುತ್ತಾಡಿಸುವ ಅಲ್ಲಿನ ಅಂಬಿಗನಿಗೆ ಅಂಥ ಡೇರೆಯ ಒಂದು ರಾತ್ರಿಯ ಬಾಡಿಗೆ ಎಟುಕುವ ಮಾತಲ್ಲ.