ದಾಖಲೆಯೂ ಅಮಾನತ್: ಏಜೆಂಟರ ಬಳಿ ಹೋಗುವ ಮುನ್ನ

(ಜುಮಾ ಪ್ರವಚನದ ಸಾರಾಂಶ)



ಪರೀಕ್ಷೆಯ ಫಲಿತಾಂಶ ಬಂತೆಂದರೆ ನಮ್ಮ ಮೊಹಲ್ಲಾಗಳಲ್ಲಿ ಒಂದೇ ಮಾತು: ಹುಡುಗನನ್ನು ಗಲ್ಫಿಗೆ ಕಳಿಸಬೇಕು, ಯಾರಾದರೂ ಏಜೆಂಟ್ ಗೊತ್ತಾ? ಹಲಾಲ್ ಸಂಪಾದನೆಗಾಗಿ ಊರು ಬಿಡುವುದರಲ್ಲಿ ತಪ್ಪಿಲ್ಲ. ಎಷ್ಟೋ ಮನೆಗಳ ಒಲೆ ಉರಿಯುತ್ತಿರುವುದೇ ಆ ದುಡಿಮೆಯಿಂದ. ಆದರೆ ಏಜೆಂಟರ ಮೇಜಿನ ಮೇಲೆ ಹಣಕ್ಕಿಂತ ಮೊದಲು ನಾವು ಇಡುವುದು ನಮ್ಮ ಗುರುತನ್ನು. ಪಾಸ್‌ಪೋರ್ಟ್, ಆಧಾರ್, ಮಾರ್ಕ್ಸ್ ಕಾರ್ಡ್, ಫೋಟೋ, ಬ್ಯಾಂಕ್ ಪಾಸ್‌ಬುಕ್ ಎಲ್ಲವೂ ಒಂದೇ ಪ್ಲಾಸ್ಟಿಕ್ ಫೈಲಿನಲ್ಲಿ ಹೋಗುತ್ತವೆ.

ಅಮಾನತುಗಳನ್ನು ಅವುಗಳ ಹಕ್ಕುದಾರರಿಗೆ ಒಪ್ಪಿಸಬೇಕೆಂದು ಸೂರಃ ಅನ್ನಿಸಾದ 58ನೇ ಸೂಕ್ತದಲ್ಲಿ ಅಲ್ಲಾಹನ ಆಜ್ಞೆಯಿದೆ. ಮಕ್ಕಾದವರು ಪ್ರವಾದಿಯವರ(ಸ) ಪ್ರಾಣ ತೆಗೆಯಲು ಹೊರಟಿದ್ದರು; ಆದರೂ ಬೆಲೆಬಾಳುವ ವಸ್ತುಗಳನ್ನು ಇಡುತ್ತಿದ್ದುದು ಅವರ ಬಳಿಯಲ್ಲೇ. ಹಿಜ್ರಾದ ವೇಳೆ ಅವನ್ನು ಮರಳಿಸಲೆಂದು ಹಝ್ರತ್ ಅಲಿ(ರ) ಹಿಂದೆ ಉಳಿದರು. ಹಾಗಿರುವಾಗ ಬಡವನ ಮಗನ ಪಾಸ್‌ಪೋರ್ಟನ್ನು ಡ್ರಾಯರಿನಲ್ಲಿಟ್ಟುಕೊಂಡು, "ಬೇರೆ ಕಡೆ ಹೋಗುವುದಾದರೆ ಇಪ್ಪತ್ತು ಸಾವಿರ ಇಟ್ಟು ತಗೊಂಡು ಹೋಗು" ಎನ್ನುವವನನ್ನು ಏನೆಂದು ಕರೆಯೋಣ? ನಮ್ಮ ಜಮಾಅತಿನ ಹುಡುಗನೊಬ್ಬ ಹೀಗೆ ಐದು ತಿಂಗಳು ಅಲೆದ. ಹಣ ಕೇಳಿದವನು ಮೊದಲ ಸಫ್‌ನಲ್ಲಿ ನಿಲ್ಲುವವನೇ ಆಗಿದ್ದ ಎಂಬುದು ನಮಗೆ ಹೆಚ್ಚು ನೋವು ಕೊಟ್ಟಿತು. ಪಾಸ್‌ಪೋರ್ಟ್ ಕೇಂದ್ರ ಸರಕಾರದ ಸೊತ್ತು ಎಂದು 1967ರ ಪಾಸ್‌ಪೋರ್ಟ್ ಕಾಯ್ದೆಯೇ ಹೇಳುತ್ತದೆ. ಅದನ್ನು ಒತ್ತೆಯಿಟ್ಟುಕೊಳ್ಳುವ ಅಧಿಕಾರ ಯಾವ ಏಜೆಂಟನಿಗೂ ಇಲ್ಲ. ವೀಸಾಕ್ಕಾಗಿ ಕೊಡಲೇಬೇಕಾದರೆ ದಿನಾಂಕ ಹಾಕಿದ ರಸೀದಿ ಪಡೆಯಿರಿ. ಸಾಲದ ವ್ಯವಹಾರವನ್ನು ಬರೆದಿಡಲು ಹೇಳಿದ ಧರ್ಮ ನಮ್ಮದು. ರಸೀದಿ ಕೇಳಲು ಸಂಕೋಚವೇಕೆ?

ಸುದ್ದಿ ತಂದವನನ್ನು ಪರಿಶೀಲಿಸಿ ಎಂದು ಸೂರಃ ಅಲ್ ಹುಜುರಾತ್ ಕಲಿಸುತ್ತದೆ. ಏಜೆನ್ಸಿಯವರು ನಮ್ಮ ಗುರುತು ಪರೀಕ್ಷಿಸುತ್ತಾರೆ, ಅದು ಸರಿ. ನಕಲಿ ಅನುಭವ ಪತ್ರ ಮಾಡಿಸುವ ನಮ್ಮ ಮಕ್ಕಳಿಗೂ ಅದು ಬೇಕು. ಆದರೆ ಅವರ ಗುರುತನ್ನು ಪರೀಕ್ಷಿಸುವವರು ಯಾರು? 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಕ್ಕೆ ಜನರನ್ನು ನೇಮಿಸುವವರು ವಿದೇಶಾಂಗ ಸಚಿವಾಲಯದಡಿಯ ವಲಸೆ ರಕ್ಷಣಾ ಅಧಿಕಾರಿಗಳಲ್ಲಿ ನೋಂದಾಯಿಸಿರಬೇಕು. ಸರಕಾರದ 'ಇ-ಮೈಗ್ರೇಟ್' ತಾಣದಲ್ಲಿ ಆ ನೋಂದಣಿ ಚಾಲ್ತಿಯಲ್ಲಿದೆಯೇ, ರದ್ದಾಗಿದೆಯೇ ಎಂದು ಯಾರು ಬೇಕಾದರೂ ನೋಡಬಹುದು. ಅವರು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಲಕ್ಷ ಕೇಳುವವನ ಮುಂದೆ ಎದ್ದು ಬರುವ ಧೈರ್ಯ ತಂದೆಯಂದಿರಿಗೆ ಇರಲಿ. ಕಾಂಬೋಡಿಯಾ, ಮ್ಯಾನ್ಮಾರ್‌ಗಳಲ್ಲಿ ಕಂಪ್ಯೂಟರ್ ಕೆಲಸವೆಂದು ನಂಬಿ ಹೋದ ಭಾರತದ ಯುವಕರನ್ನು ಪಾಸ್‌ಪೋರ್ಟ್ ಕಿತ್ತುಕೊಂಡು ಆನ್‌ಲೈನ್ ವಂಚನೆಗೆ ದುಡಿಸಿದ್ದು ಎಲ್ಲರಿಗೂ ತಿಳಿದಿದೆ.

ಊರೊಳಗಿನ ಕೆಲಸಕ್ಕೂ ಇದೇ ಎಚ್ಚರ ಬೇಕು. ಅರ್ಜಿಯ ಹಂತದಲ್ಲೇ ಒಟಿಪಿ, ಎಟಿಎಂ ಕಾರ್ಡ್, ನಮ್ಮ ಹೆಸರಿನ ಸಿಮ್ ಕೇಳಿದರೆ ಅಲ್ಲಿ ಕೆಲಸವಿಲ್ಲ ಎಂದೇ ತಿಳಿಯಿರಿ. ವಂಚನೆಯ ಹಣ ನಿಮ್ಮ ಮಗನ ಖಾತೆಯಲ್ಲಿ ಹಾದು ಹೋದರೆ ಪೊಲೀಸರು ಬರುವುದು ನಿಮ್ಮ ಮನೆಗೇ. ಅಂಥದ್ದು ನಡೆದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಆಧಾರ್ ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಕೊಡಿ. ಜೆರಾಕ್ಸ್ ಮೇಲೆ ಯಾರಿಗೆ, ಯಾವುದಕ್ಕೆ, ಎಂದು ಕೊಟ್ಟಿದ್ದೆಂದು ಬರೆಯಿರಿ.

ಸಹೋದರಿಯರ ಬಯೋಡೇಟಾ ವಿಷಯದಲ್ಲಿ ನಾವು ಇನ್ನೂ ಅಜಾಗರೂಕರು. ಟೀಚರ್ ಕೆಲಸಕ್ಕೆಂದು ಕಳಿಸಿದ ಫೋಟೋ, ಫೋನ್ ನಂಬರ್, ಮನೆಯ ವಿಳಾಸ ವಾಟ್ಸಾಪ್ ಗುಂಪುಗಳಲ್ಲಿ ಸುತ್ತುತ್ತವೆ. ಅನುಮತಿ ಕೇಳಿ, ಸಲಾಂ ಹೇಳದೆ ಇತರರ ಮನೆಯೊಳಗೆ ಕಾಲಿಡಬೇಡಿ ಎಂದು ಸೂರಃ ಅನ್ನೂರ್ ಹೇಳುವಾಗ, ಇನ್ನೊಬ್ಬರ ಮಗಳ ಕಾಗದವನ್ನು ಅವಳನ್ನು ಕೇಳದೆ ಫಾರ್ವರ್ಡ್ ಮಾಡುವುದು ಹೇಗೆ ಸರಿಯಾದೀತು? ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಒಮ್ಮತದಿಂದ ತೀರ್ಪಿತ್ತರು. ಆ ಅರ್ಜಿ ಹಾಕಿದ್ದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು.

ಇನ್ನು ಮುಂದೆ ನೋಂದಣಿ ಸಂಖ್ಯೆಯಿಲ್ಲದ ವಿದೇಶಿ ಉದ್ಯೋಗದ ಜಾಹೀರಾತನ್ನು ಮಸೀದಿಯ ಫಲಕದಲ್ಲಿ ಹಾಕುವುದಿಲ್ಲವೆಂದು ಕಮಿಟಿ ಒಪ್ಪಿದೆ. ಪ್ರತಿ ಭಾನುವಾರ ಇಶಾ ನಮಾಝಿನ ನಂತರ ಕಂಪ್ಯೂಟರ್ ಬಲ್ಲ ಇಬ್ಬರು ಯುವಕರು ಮದ್ರಸದ ಕಚೇರಿಯಲ್ಲಿ ಕುಳಿತು ಏಜೆನ್ಸಿಯ ನೋಂದಣಿಯನ್ನು ತಾಣದಲ್ಲಿ ನೋಡಿ ಹೇಳುತ್ತಾರೆ, ಇನ್ಶಾ ಅಲ್ಲಾಹ್. ಜಾಹೀರಾತನ್ನು ಮಾತ್ರ ತನ್ನಿ. ಪಾಸ್‌ಪೋರ್ಟ್, ಆಧಾರ್ ಮನೆಯಲ್ಲೇ ಇರಲಿ.