ಫೋನ್ ಕೊಟ್ಟವನೂ ನಾನೇ

ಹುಲಸೂರಿಂದ ಮಾತಾಡ್ತಿದ್ದೀನಿ. ಇವತ್ತಿನ ಸಂಚಿಕೆ ನನ್ನ ಒಂದು ತಪ್ಪಿನಿಂದಲೇ ಶುರು.

ಅಕ್ಕನ ಮಗನಿಗೆ ಆರು ವರ್ಷ. ಅವನು ಮನೆಗೆ ಬಂದಾಗೆಲ್ಲ, ರೆಕಾರ್ಡಿಂಗ್ ಮಧ್ಯೆ ಗದ್ದಲ ಆಗಬಾರದು ಅಂತ ಫೋನ್ ಕೊಟ್ಟು ಕೂರಿಸ್ತಿದ್ದೆ. ಆಮೇಲೆ ಮೈಕ್ ಮುಂದೆ ಕೂತು, ಈಗಿನ ಮಕ್ಕಳು ಫೋನ್ ಬಿಡೋದೇ ಇಲ್ಲ ಅಂತ ನಾನೇ ಭಾಷಣ ಮಾಡ್ತಿದ್ದೆ.

ಈ ಸಲ ಮಣ್ಣೆತ್ತಿನ ಅಮಾವಾಸ್ಯೆ ಬಂತು. ಕಾರಹುಣ್ಣಿಮೆ ಆಗಿ ಹದಿನೈದು ದಿನಕ್ಕೆ ಬರೋ ಹಬ್ಬ. ಅಂಗಡಿಯಿಂದ ಬಣ್ಣದ ಎತ್ತು ತರ್ತೀನಿ ಅಂದೆ. ಅವ್ವ ಬೈದಳು: "ಹೊಲದ ತುಂಬ ಮಣ್ಣದ, ಅಂಗಡಿಗ್ಯಾಕ ಹೋಗ್ತಿ? ಹುಡುಗನ್ನ ಕರಕೊಂಡು ಹೋಗು."

ಹೋದೆವು. ಎರೆಮಣ್ಣು ತಂದು ಹುಡುಗ ಎತ್ತು ಮಾಡಿದ. ನೋಡಿದರೆ ಹಂದಿ ಇದ್ದಂಗಿತ್ತು! ಮರುದಿನ ಒಣಗಿ ಬಿರುಕು ಬಿಟ್ಟು, ಒಂದು ಕಾಲು ಕೈಗೇ ಬಂತು. ಅಳ್ತಾನೆ ಅಂದ್ಕೊಂಡೆ. "ಮಾಮಾ, ಯಾಕ ಒಡೀತು?" ಅಂತ ಕೇಳಿದ.

ಕಪ್ಪು ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ನಮ್ಮ ಹೊಲಗಳು ಬಾಯಿ ಬಿಡೋದೂ ಅದಕ್ಕೇ. ಅವ್ವ ಹೇಳಿದಂಗೆ ಸ್ವಲ್ಪ ಮರಳು, ಹೊಟ್ಟು ಕಲಸಿ ನೆರಳಲ್ಲಿ ಒಣಗಿಸಿದ್ವಿ. ಎರಡನೇ ಎತ್ತು ನಾಲ್ಕು ಕಾಲ ಮೇಲೆ ನಿಂತಿತು. ಕೊಂಬಿಗೆ ಜಾಲಿಮುಳ್ಳು, ಅದನ್ನ ನಾನೇ ಚುಚ್ಚಿದೆ. ಕಣ್ಣಿಗೆ ಜೋಳದ ಕಾಳು. ಗುಲಗಂಜಿ ಮಾತ್ರ ಬೇಡ್ರಿ. ನೋಡೋಕೆ ಚೆಂದ, ಆದರೆ ಅದು ವಿಷ. ಮಕ್ಕಳು ಅಗಿದು ನುಂಗಿದರೆ ಜೀವಕ್ಕೇ ಅಪಾಯ.

ಇದೆಲ್ಲ ಹಳೇ ಕಾಲದ ನೆನಪು ಅನ್ನಬೇಡಿ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವ ಚಟುವಟಿಕೆ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟವನ್ನೂ ಹಕ್ಕು ಅಂತ ಬರೆದಿದೆ; 1992ರಲ್ಲಿ ಭಾರತವೂ ಅದಕ್ಕೆ ಒಪ್ಪಿದೆ. ಹಕ್ಕು ಕಾಗದದಲ್ಲಿದೆ. ಹೊಲಕ್ಕೆ ಕರಕೊಂಡು ಹೋಗೋರು ನಾವೇ ಆಗಬೇಕು.

ಫೋನ್ ಕಸಿದುಕೊಂಡರೆ ಮಗು ಅಳುತ್ತದೆ, ಅಷ್ಟೇ. ನಮ್ಮ ಫೋನ್ ಒಳಗಿಟ್ಟು, ಕೈ ಕೆಸರು ಮಾಡ್ಕೊಂಡು ಜೊತೆಗೆ ಕೂತರೆ ಅದು ತಾನಾಗೇ ಬರುತ್ತದೆ. ಈ ಭಾನುವಾರ ಒಂದು ತಾಸು ಕೊಡಿ. ಮಣ್ಣು, ಎಲೆ, ಜೋಳದ ದಂಟು, ಏನು ಸಿಕ್ಕರೂ ಸಾಕು.

ಹಿಂದೆ ದರದರ ಸದ್ದು ಕೇಳಿಸ್ತಿದೆಯಾ? ಅವನೇ, ಅಂಗಳದಲ್ಲಿ ದಂಟಿನ ಬಂಡಿ ಎಳೀತಿದಾನೆ. ಈ ಸಲ ಎಡಿಟ್ ಮಾಡಿ ತೆಗೆದಿಲ್ಲ. ಮತ್ತೆ ಸಿಗೋಣ್ರಿ.