ವಿಶ್ವವಿದ್ಯಾನಿಲಯದಲ್ಲಿ ಕೆಲಸ

ವಿಶ್ವವಿದ್ಯಾನಿಲಯದಲ್ಲಿ ಕೆಲಸ ಎಂದೊಡನೆ ಮೈಸೂರಿನ ಮನೆಗಳಲ್ಲಿ ನೆನಪಾಗುವುದು ಮೇಷ್ಟರ ಕೆಲಸ. ಕ್ರಾಫರ್ಡ್ ಹಾಲಿನ ಮುಂದೆ ಹಾದುಹೋಗುವವರಿಗೆ ಅಲ್ಲಿನ ನೂರು ಬಗೆಯ ದುಡಿಮೆ ಕಾಣುವುದಿಲ್ಲ. ಲೆಕ್ಕ ಬರೆಯುವವರು, ಅಂಕಪಟ್ಟಿ ಸಿದ್ಧಪಡಿಸುವವರು, ಪ್ರಯೋಗಶಾಲೆಯ ಸಾಮಾನು ಕಾಯುವವರು, ಪುಸ್ತಕ ಹುಡುಕಿಕೊಡುವವರು, ಇವರಿಲ್ಲದೆ ಪಾಠ ಸಾಗದು.

ಇಂಥ ಕೆಲಸ ಎಷ್ಟು ದೊಡ್ಡದಾಗಬಲ್ಲದೆಂಬುದಕ್ಕೆ ನಮ್ಮೂರಿನಲ್ಲೇ ನಿದರ್ಶನ ಉಂಟು. 1891ರಲ್ಲಿ ಆರಂಭವಾದ ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ತಾಳೆಗರಿಯ ಪ್ರತಿಯೊಂದನ್ನು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದರು, 1909ರಲ್ಲಿ ಅಚ್ಚುಮಾಡಿಸಿದರು. ಹೆಸರು ಮಾತ್ರ ಉಳಿದಿದ್ದ ಗ್ರಂಥ ಜಗತ್ತಿಗೆ ಮರಳಿ ದೊರೆಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಆ ಭಂಡಾರ ಅದರ ಪಾಲಿಗೆ ಬಂತು.

ಆದ್ದರಿಂದ ಮಕ್ಕಳು ಪದವಿ ಮುಗಿಸಿದ ಮನೆಯಲ್ಲಿ, ಯಾರ ಪರಿಚಯವಿದೆ ಎಂದು ಕೇಳುವ ಮೊದಲು ನಮ್ಮ ಬಾಗಿಲು ಯಾವುದು ಎಂದು ಕೇಳಿಕೊಳ್ಳುವುದು ಮೇಲು.

ಮೊದಲನೆಯದು ಬೋಧಕರ ಬಾಗಿಲು. ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರ ಪದವಿಯಲ್ಲಿ ನೂರಕ್ಕೆ 55 ಅಂಕ ಬೇಕು. ಮೀಸಲು ವರ್ಗಗಳಿಗೆ ನಿಯಮದಂತೆ 5ರ ರಿಯಾಯಿತಿ ಉಂಟು. ಜೊತೆಗೆ ನೆಟ್ ಅಥವಾ ಕೆ-ಸೆಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆಯಬೇಕು. ನೆಟ್ ಇಡೀ ದೇಶಕ್ಕೆ ಸಲ್ಲುತ್ತದೆ, ಕೆ-ಸೆಟ್ ನಮ್ಮ ರಾಜ್ಯಕ್ಕೆ. ಪಿಎಚ್.ಡಿ. ಆದವರು ತಮ್ಮ ವಿಷಯದಲ್ಲಿ ನಿಯಮ ಏನು ಹೇಳುತ್ತದೆಂಬುದನ್ನು ಅಧಿಸೂಚನೆಯಲ್ಲಿ ನೋಡಿಕೊಳ್ಳಬೇಕು. ಕೆ-ಸೆಟ್‌ನ ಮೊದಲ ಪತ್ರಿಕೆ ಎಲ್ಲ ವಿಷಯದವರಿಗೂ ಒಂದೇ. ತಮ್ಮ ವಿಷಯದಲ್ಲಿ ಗಟ್ಟಿಗರಾದವರು ಇದನ್ನು ಹಗುರವಾಗಿ ಎಣಿಸಿ ಎಡವುವುದುಂಟು. ಎರಡೂ ಪತ್ರಿಕೆ ಬರೆದವರಲ್ಲಿ ಅರ್ಹರಾಗುವವರು ನೂರಕ್ಕೆ ಸುಮಾರು 6 ಮಂದಿ. ಎಂ.ಎ.ಯ ಕೊನೆಯ ವರ್ಷದಲ್ಲಿರುವಾಗಲೇ ಪರೀಕ್ಷೆಗೆ ಕೂರಬಹುದಾದ್ದರಿಂದ ಕಾಯುತ್ತ ಕೂರುವುದು ತರವಲ್ಲ.

ಎರಡನೆಯದು ಬೋಧಕೇತರರ ಬಾಗಿಲು. ಗುಮಾಸ್ತೆಯ ಕೆಲಸ, ಬೆರಳಚ್ಚು, ಪ್ರಯೋಗಶಾಲೆ, ಯಂತ್ರಗಳ ಪಾಲನೆ, ಎಲ್ಲಕ್ಕೂ ಬೇರೆಬೇರೆ ಅರ್ಹತೆ. ಒಂದು ವಿಶೇಷ ನೆನಪಿರಲಿ: ಸಹಾಯಕ ಗ್ರಂಥಪಾಲಕ ಹುದ್ದೆಗೂ ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿಯ ಜೊತೆಗೆ ಅರ್ಹತಾ ಪರೀಕ್ಷೆಯ ಕಟ್ಟುಪಾಡು ಉಂಟು.

ಇವೆರಡರ ನಡುವೆ ಅತಿಥಿ ಉಪನ್ಯಾಸಕರ ಕಿರುಬಾಗಿಲಿದೆ. ಅನುಭವಕ್ಕೆ ಒಳ್ಳೆಯದು, ಆದರೆ ಅದು ವರ್ಷದ ಲೆಕ್ಕದ ಕೆಲಸ. ಇಂದಲ್ಲ ನಾಳೆ ಕಾಯಂ ಆದೀತೆಂದು ಹತ್ತು ವರ್ಷ ಕಳೆದ ಮೇಲೆ, ಬೇರೆ ಕೆಲಸಕ್ಕೆ ವಯಸ್ಸು ಮೀರಿರುತ್ತದೆ. ಪಾಠ ಹೇಳುತ್ತಿರುವಾಗಲೇ ಪರೀಕ್ಷೆ ಮುಗಿಸಿಕೊಳ್ಳುವುದು ಜಾಣತನ.

ನಮ್ಮ ನಗರದಲ್ಲೇ 1996ರ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ, ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾನಿಲಯವಿದೆ. ಒಂದೇ ಕಡೆ ಕಣ್ಣು ನೆಟ್ಟು ಕೂರಬೇಕಾಗಿಲ್ಲ. ಅಧಿಸೂಚನೆಯನ್ನು ಮೊದಲಿಂದ ಕೊನೆಯವರೆಗೆ ಓದಿ: ಯಾವ ವರ್ಗಕ್ಕೆ ಎಷ್ಟು ಹುದ್ದೆ, ವಯಸ್ಸೆಷ್ಟು, ಕೊನೆಯ ದಿನ ಯಾವುದು. ಜಾತಿ, ಆದಾಯದ ಪ್ರಮಾಣಪತ್ರಗಳನ್ನು ಮೊದಲೇ ಮಾಡಿಸಿಡಿ. ಕೊನೆಯ ವಾರದಲ್ಲಿ ಕಚೇರಿಗೆ ಅಲೆದರೆ ಅವು ಸಿಕ್ಕುವ ಭರವಸೆಯಿಲ್ಲ.

ಇನ್ನು, "ಇಷ್ಟು ಕೊಡಿ, ಹುದ್ದೆ ನನ್ನ ಕೈಯಲ್ಲಿದೆ" ಎಂದು ಮನೆಗೆ ಬರುವವರು. ಅರ್ಜಿಯ ಶುಲ್ಕಕ್ಕೆ ರಸೀತಿ ಉಂಟು, ಇವರ ವ್ಯವಹಾರಕ್ಕೆ ಇಲ್ಲ. ತಾಯಿಯ ಬಳೆ ಅಡವಿಡುವ ಮೊದಲು ಈ ಒಂದು ವ್ಯತ್ಯಾಸವನ್ನು ಮನೆಯವರೆಲ್ಲ ಕುಳಿತು ಯೋಚಿಸಿದರೆ ಸಾಕು.